ಹಲ್ಲಿನ ಕ್ಲಿನಿಕ್ಕಿಗೆ ಹೋದಾಗ ಏನನ್ನು ನೋಡಬೇಕು?

ಈ ವರ್ಷದಿಂದ ನಮ್ಮ ವೈದ್ಯಕೀಯ ನೆರವಿನ ನಿಧಿಗೆ ಹಲ್ಲಿನ ಚಿಕಿತ್ಸೆಯನ್ನೂ ಸೇರಿಸಬೇಕೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿರುವುದು ಸದಸ್ಯ ಬಾಂಧವರಿಗೆ ತಿಳಿದಿದೆ. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ಹಲವರಿಗೆ ಸಕ್ಕರೆ ಕಾಯಿಲೆ ಇದೆ. ಅಫ್ಜಲ್‌ಗಂಜ್‌ನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಆಸ್ಪತ್ರೆ ನಮಗೆ ದೂರವೇನಲ್ಲ. ಆದರೆ ಮಂಡಿನೋವಿನವರಿಗೆ ಅಲ್ಲಿಯ ಸಾಲಿನಲ್ಲಿ ನಿಲ್ಲುವುದು ಕಷ್ಟ. ಕಾಚಿಗೂಡದಲ್ಲೇ ರಿಯಾಯಿತಿ ದರಕ್ಕೆ ಒಪ್ಪಿದ ಎರಡು ಕ್ಲಿನಿಕ್ಕುಗಳಿದ್ದವು. ಸಂಘದ ಹಣ ಹೋಗುವ ಮೊದಲು ಯಾರಾದರೂ ನೋಡಿ ಬರಲಿ ಎಂದಾಗ ಆ ಕೆಲಸ ನನ್ನ ಪಾಲಿಗೆ ಬಂತು.

ನಾನು ಬಿ.ಕಾಂ. ಓದಿದವನು, ವೈದ್ಯನಲ್ಲ. ಬ್ಯಾಂಕಿನಲ್ಲಿ ಕೆಲವು ವರ್ಷ ಶಾಖೆಗಳ ತಪಾಸಣೆ ಮಾಡಿದ್ದೇನೆ. ವೈದ್ಯರ ಕೈಚಳಕವನ್ನು ನಮ್ಮಂಥವರು ಅಳೆಯಲಾರೆವು. ಆದರೆ ರಿಜಿಸ್ಟರು ನೋಡಬಹುದು, ಸಾಮಾನು ಎಣಿಸಬಹುದು, ಎರಡಕ್ಕೂ ತಾಳೆ ಇದೆಯೇ ಎಂದು ಕೇಳಬಹುದು.

ಇಷ್ಟೊಂದು ಶಂಕೆ ಏಕೆ ಎಂದು ಸಮಿತಿಯಲ್ಲೇ ಒಬ್ಬರು ಕೇಳಿದರು. ಅವರಿಗೆ ವಾಣಿಯಂಬಾಡಿಯ ಪ್ರಕರಣ ಹೇಳಿದೆ. ಬೆಂಗಳೂರು–ಚೆನ್ನೈ ದಾರಿಯಲ್ಲಿ, ತಮಿಳುನಾಡಿನ ತಿರುಪತ್ತೂರು ಜಿಲ್ಲೆಯಲ್ಲಿರುವ ಊರು ಅದು. 2023ರಲ್ಲಿ ಅಲ್ಲಿಯ ಒಂದೇ ಹಲ್ಲಿನ ಕ್ಲಿನಿಕ್ಕಿಗೆ ಹೋಗಿಬಂದ ಹತ್ತು ಜನರಿಗೆ ಮಿದುಳಿನ ಸೋಂಕು ತಗಲಿ, ಎಂಟು ಜನ ತೀರಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರೂ ಸೇರಿ ನಡೆಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ರೋಗದ ಹೆಸರು ಮೆಲಿಯಾಯ್ಡೋಸಿಸ್, ಮಣ್ಣು ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವಂಥದು. ಅದರ ಜಾಡು ಹೋಗಿ ನಿಂತದ್ದು ಬಾಯಿ ತೊಳೆಯುವ ಸಲೈನ್ ಬಾಟಲಿಯ ಹತ್ತಿರ. ಬಳಸಿದ ಉಪಕರಣದಿಂದಲೇ ಬಾಟಲಿ ತೆರೆದು, ಸಡಿಲವಾಗಿ ಮುಚ್ಚಿಟ್ಟು, ಮತ್ತೊಬ್ಬ ರೋಗಿಗೂ ಅದನ್ನೇ ಬಳಸುತ್ತಿದ್ದರಂತೆ. ಒಂದು ಬಾಟಲಿಯ ಉಳಿತಾಯ ಎಷ್ಟು ರೂಪಾಯಿ, ನೀವೇ ಲೆಕ್ಕ ಹಾಕಿ.

ಕಾಗದಪತ್ರದ ವಿಷಯ ಬೇಗ ಮುಗಿಯುತ್ತದೆ. ವೈದ್ಯರಿಗೆ ರಾಜ್ಯ ದಂತ ವೈದ್ಯ ಪರಿಷತ್ತಿನ ನೋಂದಣಿ ಇರಬೇಕು. ಕಾನೂನು ಇದನ್ನು ಕಡ್ಡಾಯ ಮಾಡಿದೆ. ಎಕ್ಸ್‌ರೇ ಯಂತ್ರವಿದ್ದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಬೇಕು. ಸಣ್ಣ ಹಲ್ಲಿನ ಎಕ್ಸ್‌ರೇಗೂ ಇದು ಅನ್ವಯ ಎಂದರೆ ಅನೇಕರು ನಂಬುವುದಿಲ್ಲ. ಕಸ ಒಯ್ಯುವ ಸಂಸ್ಥೆಯೊಂದಿಗೆ ಒಪ್ಪಂದ ಇರಬೇಕು. ಇವೆಲ್ಲ ಗೋಡೆಯ ಮೇಲೆ ಚೌಕಟ್ಟಿನಲ್ಲಿದ್ದರೆ ಸಂತೋಷ. ಆದರೆ ಚೌಕಟ್ಟು ನೋಡಿ ಸಾಲ ಕೊಟ್ಟ ಶಾಖೆಗಳ ಗತಿ ಏನಾಯಿತೆಂದು ನಾನು ಬಲ್ಲೆ.

ನಿಜವಾದ ಪರೀಕ್ಷೆ ಆಟೋಕ್ಲೇವ್ ಹತ್ತಿರ. ಇದು ನಮ್ಮ ಮನೆಯ ಕುಕ್ಕರಿನ ಅಣ್ಣ. ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ ಹದಿನೈದು ಇಪ್ಪತ್ತು ನಿಮಿಷ ಅಥವಾ 134 ಡಿಗ್ರಿಗೆ ಕೆಲವೇ ನಿಮಿಷ ಉಪಕರಣ ಇದ್ದರೆ ಗಟ್ಟಿ ಜೀವಾಣುಗಳೂ ಸಾಯುತ್ತವೆ. ಬಿಸಿನೀರಿನಲ್ಲಿ ಕುದಿಸುವುದು, ಸ್ಪಿರಿಟ್ಟಿನಲ್ಲಿ ಒರೆಸುವುದು ಇದಕ್ಕೆ ಸಾಟಿಯಲ್ಲ. ಉಪಕರಣ ಮುಚ್ಚಿದ ಪೊಟ್ಟಣದಲ್ಲಿ ಇರಬೇಕು, ರೋಗಿಯ ಎದುರಿಗೇ ಒಡೆಯಬೇಕು. ಪೊಟ್ಟಣದ ಗುರುತು ಬಣ್ಣ ಬದಲಿಸಿದ್ದರೆ ಶಾಖ ತಗಲಿದೆ ಎಂದಷ್ಟೇ ಅರ್ಥ. ಯಂತ್ರ ಸರಿಯಾಗಿ ಕೊಲ್ಲುತ್ತಿದೆಯೇ ಎಂದು ತಿಳಿಯಲು ಆಗಾಗ ಜೀವಾಣು ಬೀಜದ ಪಟ್ಟಿಯಿಟ್ಟು ನೋಡುವ ಪರೀಕ್ಷೆ ಬೇರೆ ಇದೆ. ಅದರ ದಾಖಲೆ ಕೇಳಿ.

ಮೊದಲ ಕ್ಲಿನಿಕ್ಕಿನಲ್ಲಿ ಯಂತ್ರ ಹೊಳೆಯುತ್ತಿತ್ತು. ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ಎಷ್ಟಿವೆ ಎಂದು ಕೇಳಿದೆ. ಎರಡು ಎಂದರು. ತುಂಬಿ, ಬಿಸಿಯಾಗಿ, ಆರಲು ಒಂದು ಸುತ್ತಿಗೆ 45 ನಿಮಿಷ ಎಂದೂ ಅವರೇ ಹೇಳಿದರು. ಸಂಜೆಯ ಸಮಯ ಮೂರು ಗಂಟೆ. ಒಬ್ಬರಿಗೆ 15 ನಿಮಿಷ ಎಂದಿಟ್ಟುಕೊಳ್ಳಿ. ಇಬ್ಬರಿಗೆ ಅರ್ಧ ಗಂಟೆ, ಆಮೇಲೆ ಯಂತ್ರಕ್ಕೆ 45 ನಿಮಿಷ. ಹೀಗೆ ಎರಡು ಸುತ್ತಿಗೆ 150 ನಿಮಿಷ, ಮೂರನೆಯ ಜೋಡಿಗೆ ಕೊನೆಯ 30. ಒಟ್ಟು ಆರು ಜನ. ಹಿಂದಿನ ದಿನದ ಪುಸ್ತಕದಲ್ಲಿ ಕೊರೆಸಿಕೊಂಡವರು ಹನ್ನೊಂದು! ಉಳಿದ ಐವರ ಬಾಯಿಗೆ ಹೋದದ್ದು ಯಾವುದು ಎಂದು ಕೇಳಿದಾಗ ವೈದ್ಯರು ಸುಮ್ಮನಾದರು. ಸಹಾಯಕಿ ನಾರಾಯಣಪೇಟೆ ಕಡೆಯ ಹುಡುಗಿ. “ಸ್ಪಿರಿಟ್ ಹಾಕಿ ಒರಸ್ತೀವ್ರಿ, ಸರ್,” ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಹುಡುಗಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸನ್ನೂ ಯಾರೂ ಹಾಕಿಸಿರಲಿಲ್ಲ.

ಎರಡನೆಯ ಕ್ಲಿನಿಕ್ ಹಳೆಯದು, ಕುರ್ಚಿಯ ರೆಕ್ಸಿನ್‌ಗೆ ತೇಪೆ ಹಾಕಿದ್ದರು. ಅಲ್ಲಿ ಎಂಟು ಹ್ಯಾಂಡ್‌ಪೀಸ್, ಪ್ರತಿ ಸುತ್ತಿನ ತಾರೀಖು ಬರೆದ ಪುಸ್ತಕ, ತಿಂಗಳ ಪರೀಕ್ಷೆಯ ಚೀಟಿ. ಮರಗಟ್ಟಿಸುವ ಔಷಧಿಯ ಸೀಸೆಗೆ ತೆರೆದ ದಿನಾಂಕ ಅಂಟಿಸಿತ್ತು. ರಬ್ಬರಿನಲ್ಲಿ ಚುಚ್ಚಿಟ್ಟ ಸೂಜಿ ಇರಲಿಲ್ಲ. ಒಡೆದ ಸಲೈನ್ ಬಾಟಲಿ ಮೂಲೆಯಲ್ಲಿ ಇರಲಿಲ್ಲ. 2016ರ ನಿಯಮದಂತೆ ರಕ್ತದ ಹತ್ತಿ ಮತ್ತು ಕಿತ್ತ ಹಲ್ಲು ಹಳದಿಗೆ, ಗ್ಲೌಸು ಕೆಂಪಿಗೆ, ಸೂಜಿ ಚುಚ್ಚಲಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ ಹೋಗುತ್ತಿತ್ತು. ಆಮ್ಲಜನಕದ ಸಿಲಿಂಡರ್ ಮತ್ತು ಅಡ್ರಿನಲಿನ್ ಚುಚ್ಚುಮದ್ದನ್ನು ತೋರಿಸಿರೆಂದಾಗ ಅರ್ಧ ನಿಮಿಷದಲ್ಲಿ ಮೇಜಿನ ಮೇಲಿತ್ತು. ನನಗೆ ಹೆಚ್ಚು ಹಿಡಿಸಿದ್ದು ಬೇರೆ. ಹಲ್ಲು ಕೀಳಿಸಲು ಬಂದ ಹಿರಿಯರೊಬ್ಬರನ್ನು ವೈದ್ಯೆ, “ರಕ್ತ ತೆಳುವಾಗೋ ಮಾತ್ರೆ ತಗೋತೀರಾ ಅಂಕಲ್? ಸಕ್ಕರೆ ಯಾವಾಗ ನೋಡಿಸಿದಿರಿ?” ಎಂದು ಕೇಳಿ, ಬರೆದುಕೊಂಡು, ವರದಿ ತರಲು ಹೇಳಿ ವಾಪಸು ಕಳಿಸಿದರು. ಹಿರಿಯರು ಗೊಣಗಿಕೊಂಡು ಹೋದರು. ಆ ದಿನದ ಆದಾಯ ಬಿಟ್ಟ ವೈದ್ಯೆಗೆ ನಾನು ಅಂಕ ಕೊಟ್ಟೆ.

ಈಗ ಹಣದ ಮಾತು. ಒಂದು ಹಲ್ಲು ಕೀಳಲು ಮೊದಲನೆಯವರು ನಮಗೆ ಹೇಳಿದ ದರ 300 ರೂ., ಎರಡನೆಯವರದು 500 ರೂ. ಕಡಿಮೆ ದರದವರಿಗೆ ಕೊಟ್ಟರೆ ಹೆಚ್ಚು ಜನರಿಗೆ ನೆರವಾಗುತ್ತದೆ ಎಂಬ ವಾದ ಸಮಿತಿಯಲ್ಲಿ ಬಂತು, ಅದು ಅಲ್ಲಗಳೆಯುವ ವಾದವೂ ಅಲ್ಲ. ಅದೇ ಹಣದಲ್ಲಿ ಐವರ ಬದಲು ಮೂವರಿಗಷ್ಟೇ ಚಿಕಿತ್ಸೆಯಾಗುತ್ತದೆ. ಆದರೆ ಆ 200 ರೂ. ವ್ಯತ್ಯಾಸ ಹೋಗುವುದು ಪೊಟ್ಟಣ, ಪರೀಕ್ಷೆಯ ಚೀಟಿ, ಹೊಸ ಸಲೈನ್ ಬಾಟಲಿಗೆ. ಚರ್ಚೆಯ ನಂತರ ಎರಡನೆಯ ಕ್ಲಿನಿಕ್ಕಿಗೇ ಕಳಿಸುವುದೆಂದು ಸಮಿತಿ ಒಪ್ಪಿತು. ಮೊದಲನೆಯವರು ಇನ್ನೂ ಆರು ಹ್ಯಾಂಡ್‌ಪೀಸ್ ತರಿಸಿ, ಸಹಾಯಕಿಗೆ ಲಸಿಕೆ ಹಾಕಿಸಿದರೆ ಮತ್ತೆ ನೋಡುತ್ತೇವೆಂದು ತಿಳಿಸಿದ್ದೇವೆ.

ದಾನಿಗಳಲ್ಲಿ ವಿನಂತಿ ಇಷ್ಟೇ. ಕಾದಿರುವ ಅರ್ಜಿಗಳನ್ನು ಕಡಿತಗೊಳಿಸದೆ ಪೂರೈಸಲು ನಿಧಿಗೆ ಈ ವ್ಯತ್ಯಾಸದ ಹಣ ಬೇಕಾಗಿದೆ. ಒಂದು ಹಲ್ಲಿನ 200 ರೂ. ಕೊಟ್ಟರೂ ರಸೀದಿ ಉಂಟು. ಚೆಕ್ಕಿನ ಹಿಂದೆ ‘ದಂತ ಚಿಕಿತ್ಸೆ’ ಎಂದು ಬರೆಯಿರಿ, ಬೇರೆ ಖಾತೆಗೆ ಬೆರೆಯದಂತೆ ನೋಡಿಕೊಳ್ಳುತ್ತೇನೆ. ಆರು ತಿಂಗಳಿಗೊಮ್ಮೆ ಮುಂಚಿತವಾಗಿ ತಿಳಿಸದೆ ಕ್ಲಿನಿಕ್ಕಿಗೆ ಹೋಗಿ ನೋಡಲು ಇನ್ನಿಬ್ಬರು ಸದಸ್ಯರು ಬೇಕು. ಬೆಳಿಗ್ಗೆ ಹನ್ನೊಂದರ ಮೇಲೆ ಸಂಘದ ಕಚೇರಿಯಲ್ಲಿ ನನ್ನನ್ನು ಕಾಣಬಹುದು.