ಮಂಡಿಯ ಪ್ಯಾಡಿಗೆ ತೊಡೆಯ ಅಳತೆ

ಹೊಸ ಸೈಕಲ್ಲಿನ ಫೋಟೊ ನೋಡಿದೆ ಕಣೇ. ದಪ್ಪ ಟೈರು, ಮುಂದೆ ಸಸ್ಪೆನ್ಷನ್ನು, ಡಿಸ್ಕ್ ಬ್ರೇಕು, ಎಲ್ಲ ಸರಿಯಾಗಿದೆ. ಹೆಲ್ಮೆಟ್ಟಿಗೂ ಮನಸ್ಸಿಟ್ಟು ದುಡ್ಡು ಹಾಕಿದ್ದೀಯ. ಕಾಲಿನ ವಿಷಯಕ್ಕೆ ಬಂದಾಗ ಮಾತ್ರ "ಯಾವುದೋ ಒಂದು ಪ್ಯಾಡ್ ತಗೊಂಡ್ರಾಯ್ತು ಚಿಕ್ಕಮ್ಮ" ಅಂತ ಹಾರಿಸಿಬಿಟ್ಟೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ತುರಹಳ್ಳಿಯಲ್ಲಿ ನಿನ್ನ ವಯಸ್ಸಿನ ಹುಡುಗಿಯರನ್ನು ನೋಡುತ್ತಲೇ ಇರುತ್ತೇನೆ. ಪ್ಯಾಡು ಕೊಂಡಿರುತ್ತಾರೆ, ಆದರೆ ಅದು ಬ್ಯಾಗಿನಲ್ಲಿರುತ್ತದೆ, ಇಲ್ಲವೇ ಕಾಲಗಂಟಿನ ಮೇಲೆ ಬಂದು ಕೂತಿರುತ್ತದೆ. ಕೇಳಿದರೆ "ಜಾರತ್ತೆ ಆಂಟಿ, ಕಚ್ಚತ್ತೆ" ಅನ್ನುತ್ತಾರೆ. ಅದನ್ನು ಸೋಮಾರಿತನ ಅಂತ ನಾನು ಒಪ್ಪುವುದಿಲ್ಲ. ಗಂಡಸಿನ ಕಾಲಿನ ಅಳತೆಗೆ ಹೊಲಿದ ಪ್ಯಾಡು ಜಾರದೆ ಇನ್ನೇನು ಮಾಡೀತು?

ಮಂಡಿಚಿಪ್ಪನ್ನು ಮುಟ್ಟಿ ನೋಡು. ಚರ್ಮ, ಅದರ ಕೆಳಗೆ ನೇರವಾಗಿ ಮೂಳೆ. ಕಣಕಾಲಿನ ಮುಂಭಾಗವೂ ಹಾಗೇ. ತುರಹಳ್ಳಿಯ ನೆಲವೋ ಒರಟು ಬಂಡೆ, ಅದರ ಮೇಲೆ ಚೆಲ್ಲಿದ ಗರಸು. ಮುಂದಿನ ಚಕ್ರ ಆ ಗರಸಿನಲ್ಲಿ ಜಾರಿದರೆ ಬೀಳುವ ವೇಗ ಕಡಿಮೆಯೇ ಇರಬಹುದು, ಆದರೆ ಮಂಡಿ ಉಜ್ಜಿಕೊಂಡೇ ಹೋಗುತ್ತದೆ. ಪ್ಯಾಡು ಈ ಪೆಟ್ಟಿಗೂ ತರಚಿಗೂ ಅಡ್ಡ ನಿಲ್ಲುತ್ತದೆ. ಮಂಡಿ ತಿರುಚಿ ಲಿಗಮೆಂಟ್ ಹರಿಯುವುದನ್ನು ತಡೆಯುವುದಿಲ್ಲ, ಆ ಭ್ರಮೆ ಬೇಡ. ನಿನ್ನ ಗುಂಪಿನವರು "ಹಳಬರು ಜೀನ್ಸಲ್ಲೇ ಇಳೀತಿದ್ರು" ಅಂತ ಹೇಳಬಹುದು. ನಿಜವೇ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ರೀಪ್ಯಾಕ್ ಅನ್ನುವ ಇಳಿಜಾರಿನ ಪಂದ್ಯ ಶುರುವಾಯಿತಲ್ಲ, ಆ ಕಾಲದ ಫೋಟೊ ತೆಗೆದ ವೆಂಡಿ ಕ್ರ್ಯಾಗ್ ಸ್ವತಃ ಆ ಗುಂಪಿನಲ್ಲಿ ಸೈಕಲ್ ಇಳಿಸುತ್ತಿದ್ದ ಹೆಂಗಸು. ಅವರೆಲ್ಲ ಜೀನ್ಸಿನಲ್ಲಿ ಇಳಿದದ್ದು ಇಂಥ ಪ್ಯಾಡು ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ ಅನ್ನುವ ಕಾರಣಕ್ಕೆ.

ಇನ್ನು ಪ್ಯಾಡಿನ ಹೆಸರಿನಲ್ಲಿ ಏನೇನನ್ನೋ ಕೊಳ್ಳುವುದಿದೆ. ಮೆಡಿಕಲ್ ಸ್ಟೋರಿನ ನೀ ಕ್ಯಾಪು ನಿನ್ನ ಅಜ್ಜಿಯ ಮಂಡಿನೋವಿಗೆ. ಅದರಲ್ಲಿ ಪೆಟ್ಟು ತಡೆಯುವ ಮೆತ್ತೆಯೇ ಇಲ್ಲ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ತೂಗುಹಾಕಿರುವ ಗಟ್ಟಿ ಪ್ಲಾಸ್ಟಿಕ್ಕಿನ ಗಾರ್ಡು ಬುಲೆಟ್ ಮೇಲೆ ಮಂಡಿ ಮಡಚಿ ಕೂತು ಲಡಾಖಿಗೆ ಹೋಗುವವರಿಗೆ. ನಿನ್ನ ಮಂಡಿ ನಿಮಿಷಕ್ಕೆ 60–80 ಸಲ ಮಡಚಿ ಬಿಚ್ಚಬೇಕು, ಅದೂ ಏರಿನಲ್ಲಿ. ಸ್ಕೇಟಿಂಗ್ ಸೆಟ್ಟಿಗೂ ಇದೇ ಮಾತು.

ಈಗ ಮುಖ್ಯ ವಿಷಯ. ಮಂಡಿಯ ಪ್ಯಾಡನ್ನು ಹಿಡಿದು ನಿಲ್ಲಿಸುವುದು ಮಂಡಿಯಲ್ಲ. ಮೇಲೆ ತೊಡೆ, ಕೆಳಗೆ ಮೀನಖಂಡ, ಇವೆರಡೂ ಹಿಡಿದುಕೊಂಡರೆ ನಡುವೆ ಮೆತ್ತೆ ಚಿಪ್ಪಿನ ಮೇಲೆ ಕೂರುತ್ತದೆ. ಪೆಡಲ್ಲಿನ ಪ್ರತಿ ಸುತ್ತಿಗೂ ತೊಡೆಯ ಸ್ನಾಯು ಉಬ್ಬಿ ಇಳಿಯುತ್ತದೆ. ಮೇಲಿನ ಪಟ್ಟಿ ಅತಿ ಬಿಗಿಯಾಗಿದ್ದರೆ ತೊಡೆಯೇ ಅದನ್ನು ಸಪೂರವಿರುವ ಮಂಡಿಯ ಕಡೆಗೆ ತಳ್ಳಿಬಿಡುತ್ತದೆ. ನಮ್ಮಲ್ಲಿ ಬಹಳ ಜನ ಹೆಂಗಸರಿಗೆ ಮಂಡಿ ಸಣ್ಣಗಿದ್ದು ತೊಡೆ ತುಂಬಿಕೊಂಡಿರುತ್ತದೆ. ಗಂಡಸರ ಪ್ಯಾಡಿನ ಎಂ ಸೈಜು ತೊಡೆಗೆ ಕಚ್ಚುತ್ತದೆ. ಹೋಗಲಿ ಅಂತ ಎಲ್ ತಗೊಂಡರೆ ಮೀನಖಂಡದ ಹತ್ತಿರ ಲೊಳಲೊಳ. ರವಿಕೆಗೆ ಎದೆಯ ಸುತ್ತಳತೆ ಕೊಟ್ಟು ತೋಳಿನದ್ದು ಕೊಡದೆ ಬಂದರೆ ಆಗುವ ಅನಾಹುತವೇ ಇಲ್ಲೂ ಆಗುವುದು. ಹಾಗಾಗಿ ಸೈಜನ್ನು ತೊಡೆಗೆ ನೋಡಿ ಆರಿಸು. ಕೆಳಗೆ ಸಡಿಲ ಉಳಿದರೆ ಸರಿಮಾಡಿಕೊಳ್ಳಲು ಮೀನಖಂಡದ ಹತ್ತಿರ ವೆಲ್ಕ್ರೋ ಪಟ್ಟಿ ಇರುವುದನ್ನೇ ಕೇಳು. ಸಡಿಲವನ್ನು ಬಿಗಿ ಮಾಡಬಹುದು, ಕಚ್ಚುವ ಎಲಾಸ್ಟಿಕ್ಕನ್ನು ಸಡಿಲ ಮಾಡಲು ಆಗದು.

"ಹೆಂಗಸರದ್ದು" ಅಂತ ಬರೆದಿದೆ ಅಂದ ಮಾತ್ರಕ್ಕೆ ಮರುಳಾಗಬೇಡ. ಕೆಲವು ಕಂಪನಿಗಳು ನಿಜವಾಗಿಯೂ ಮೇಲಿನ ಬಾಯಿ ಅಗಲಿಸಿ, ಉದ್ದ ತಗ್ಗಿಸಿ ಹೊಲಿಯುತ್ತವೆ. ರೇಸ್ ಫೇಸ್‌ನವರು ಖೈಬರ್ ಅನ್ನುವ ಪ್ಯಾಡಿನಲ್ಲಿ ಹೆಂಗಸರಿಗೇ ಬೇರೆ ಮಾದರಿ ತಂದಿದ್ದರು. ಇನ್ನು ಕೆಲವರು ಬಣ್ಣ ಬದಲಿಸಿ ಕೈತೊಳೆದುಕೊಳ್ಳುತ್ತಾರೆ. ನಿನ್ನ ಅಕ್ಕನ ಹಾಗೆ ಉದ್ದ, ಸಪೂರ ಕಾಲಿನವಳಿಗೆ ಗಂಡಸರ ಪ್ಯಾಡೇ ಸರಿಹೋದೀತು. ಅವಳಿಗೆ ಸರಿಹೋಯಿತು ಅಂತ ನೀನು ಅದನ್ನೇ ತರಿಸಬೇಡ.

ಅಳತೆಯನ್ನು ಬೆಳಿಗ್ಗೆ ಎದ್ದ ಕೂಡಲೇ ತೆಗೆಯಬೇಡ. ಒಂದು ಸುತ್ತು ಸೈಕಲ್ ತುಳಿದು ಬಂದು, ಸ್ನಾಯು ಉಬ್ಬಿರುವಾಗ ತೆಗೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಕೆಲವರಿಗೆ ಕಾಲು ಊದಿಕೊಳ್ಳುತ್ತದೆ. ನಿನಗೂ ಹಾಗಾಗುವುದಾದರೆ ಆಗೊಮ್ಮೆ ಅಳೆದು ಆ ಅಳತೆಯನ್ನೂ ಬರೆದಿಟ್ಟುಕೋ. ನಿಂತುಕೊಂಡು, ಮಂಡಿಯನ್ನು ಸ್ವಲ್ಪವೇ ಮಡಚಿ, ಚಿಪ್ಪಿನ ನಡುವಿಗೆ ಪೆನ್ನಿನಲ್ಲಿ ಗುರುತು ಹಾಕು. ಅಲ್ಲಿಂದ ಮೇಲಕ್ಕೆ ಎಷ್ಟು ದೂರದಲ್ಲಿ ತೊಡೆಯನ್ನು ಅಳೆಯಬೇಕು ಅನ್ನುವುದನ್ನು ಆಯಾ ಕಂಪನಿಯ ಚಾರ್ಟ್ ಹೇಳುತ್ತದೆ. ಒಬ್ಬರು 10 ಸೆಂ.ಮೀ. ಅಂದರೆ ಇನ್ನೊಬ್ಬರು 15 ಅನ್ನುತ್ತಾರೆ. ತೊಡೆಯಲ್ಲಿ ಆ 5 ಸೆಂ.ಮೀ.ಗೆ ಸುತ್ತಳತೆ ಎಷ್ಟು ಏರುತ್ತದೆ ಅಂತ ಟೇಪು ಹಿಡಿದಾಗ ನಿನಗೇ ಗೊತ್ತಾಗುತ್ತದೆ. ಒಂದು ಕಂಪನಿಯ ಎಂ ಇನ್ನೊಂದರ ಎಂ ಆಗದಿರುವುದು ಇದಕ್ಕೇ. ಎರಡೂ ಕಾಲನ್ನು ಅಳೆ. ಒಂದು ಕಾಲು ತುಸು ದಪ್ಪ ಇದ್ದರೆ ಆ ಕಾಲಿನದ್ದೇ ಲೆಕ್ಕ.

ಅಂಗಡಿಗೆ ಹೋಗುವುದೇ ಒಳ್ಳೆಯದು. ಹಾಕಿಕೊಂಡು ಕನ್ನಡಿ ನೋಡುತ್ತ ನಿಂತರೆ ಏನೂ ತಿಳಿಯುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಏಳು, ಮೆಟ್ಟಿಲು ಹತ್ತಿ ಇಳಿ, ಸೈಕಲ್ ಇದ್ದರೆ ಕೇಳಿ ಹತ್ತಿ ತುಳಿ. ಮಡಚಿದಾಗ ಚಿಪ್ಪು ಮೆತ್ತೆಯ ಗುಳಿಯಲ್ಲೇ ಇರಬೇಕು, ಮಂಡಿಯ ಹಿಂದೆ ಬಟ್ಟೆ ಮುದ್ದೆಯಾಗಿ ಚುಚ್ಚಬಾರದು. ಆಮೇಲೆ ಮೆತ್ತೆಯನ್ನು ಕೈಯಲ್ಲಿ ಹಿಡಿದು ಕೆಳಕ್ಕೂ ಪಕ್ಕಕ್ಕೂ ಎಳೆದು ನೋಡು. ನಿನ್ನ ಕೈಗೇ ಸರಿದುಹೋಗುವ ಪ್ಯಾಡು ಬಂಡೆಗೆ ಉಜ್ಜಿದಾಗ ನಿಲ್ಲುವುದಿಲ್ಲ. ಜಾರುವ ಪ್ಯಾಡು ನನ್ನ ಪ್ರಕಾರ ಪ್ಯಾಡೇ ಇಲ್ಲದ್ದಕ್ಕಿಂತ ಕಡೆ, ಏಕೆಂದರೆ ಅದನ್ನು ನಂಬಿಕೊಂಡು ನೀನು ಬ್ರೇಕು ಬಿಟ್ಟಿರುತ್ತೀಯ.

ಹಾಗಂತ ಪಟ್ಟಿಯನ್ನು ಜೀವ ಹೋಗುವಷ್ಟು ಬಿಗಿಯಬೇಡ. ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಒಂದು ಗುಂಡನೆಯ ಮೂಳೆ ಕೈಗೆ ಸಿಗುತ್ತದೆ. ಪಾದವನ್ನು ಮೇಲೆತ್ತಿಸುವ ನರ ಅದರ ಕೆಳಗೆ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಸುತ್ತಿಕೊಂಡು ಹೋಗುತ್ತದೆ. ಪಟ್ಟಿ ಅಲ್ಲಿ ಒತ್ತಿದರೆ ಪಾದದ ಮೇಲೆ ಜುಮ್ಮೆನ್ನುತ್ತದೆ, ಮರಗಟ್ಟುತ್ತದೆ. ಹಾಗಾದರೆ ಸಹಿಸಿಕೊಂಡು ತುಳಿಯಬೇಡ, ಇಳಿದು ಸಡಿಲಿಸು. ಮತ್ತೆ ಮತ್ತೆ ಆದರೆ ಆ ಪ್ಯಾಡು ನಿನ್ನದಲ್ಲ.

ಕಣಕಾಲಿಗೂ ಪ್ಯಾಡು ಬೇಕೇ ಅಂದರೆ, ಅದನ್ನು ನಿನ್ನ ಪೆಡಲ್ಲು ಹೇಳುತ್ತದೆ. ಫ್ಲಾಟ್ ಪೆಡಲ್ಲಿನ ಮೇಲೆ ಶೂ ಜಾರದಿರಲೆಂದು ಲೋಹದ ಪಿನ್ನುಗಳಿರುತ್ತವೆ. ಕಾಲು ತಪ್ಪಿದಾಗ ಪೆಡಲ್ಲು ತಿರುಗಿ ಬಂದು ಅವೇ ಪಿನ್ನುಗಳಿಂದ ಕಣಕಾಲನ್ನು ಕೊರೆಯುತ್ತದೆ. ಹೊಸದಾಗಿ ಕಲಿಯುವವಳಿಗೆ ಕಣಕಾಲಿನ ಗಾಯ ಮಂಡಿಯದ್ದಕ್ಕಿಂತ ಮೊದಲೇ ಬಂದೀತು. ಮಂಡಿಗೂ ಕಣಕಾಲಿಗೂ ಸೇರಿಸಿ ಹೊಲಿದ ಉದ್ದನೆಯ ಪ್ಯಾಡು ಸಿಗುತ್ತದೆ. ಆದರೆ ನಿನ್ನ ಎತ್ತರಕ್ಕೆ ಅದರ ತುದಿ ಶೂಗೆ ತಾಗಿ, ಪಾದ ಮಡಚಿದಾಗಲೆಲ್ಲ ಇಡೀ ಪ್ಯಾಡನ್ನು ಮೇಲಕ್ಕೆ ತಳ್ಳುತ್ತದೆ. ಗಿಡ್ಡ ಕಾಲಿನವರಿಗೆ ಮಂಡಿಯದ್ದು ಬೇರೆ, ಕಣಕಾಲಿನದ್ದು ಬೇರೆ ಇದ್ದರೇ ವಾಸಿ.

ಪ್ಯಾಡಿನ ಒಳಗಿನ ಚೀಟಿಯಲ್ಲಿ ಮೋಟಾರ್‌ಸೈಕಲ್ ಸವಾರನ ಚಿತ್ರ ಇದ್ದರೆ ಗಾಬರಿಯಾಗಬೇಡ. ಇಎನ್ 1621-1 ಅನ್ನುವ ಯುರೋಪಿನ ಮಾನದಂಡ ಹುಟ್ಟಿದ್ದೇ ಮೋಟಾರ್‌ಸೈಕಲ್ಲಿಗೆ, ಸೈಕಲ್ ಪ್ಯಾಡಿನವರೂ ಅದನ್ನೇ ಬಳಸುತ್ತಾರೆ. 50 ಜೂಲ್ ಶಕ್ತಿಯ ಪೆಟ್ಟು ಕೊಟ್ಟಾಗ ಮೆತ್ತೆಯನ್ನು ದಾಟಿ ಬರುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ಲೆವೆಲ್ 2 ಸಾಮಾನ್ಯವಾಗಿ ದಪ್ಪ, ಬೆವರೂ ಹೆಚ್ಚು. ಚೀಟಿಯಲ್ಲಿ ಎ ಅಂತಿದ್ದರೆ ಮೆತ್ತೆ ಮುಚ್ಚುವ ಜಾಗ ಚಿಕ್ಕದು, ಬಿ ಅಂದರೆ ಪೂರ್ಣ ಅಳತೆ. ತುರಹಳ್ಳಿ, ಅವಲಹಳ್ಳಿಯ ದಾರಿಗಳಿಗೆ, ದಿನವೂ ಬೇಸರವಿಲ್ಲದೆ ಹಾಕಿಕೊಳ್ಳುವ ಲೆವೆಲ್ 1 ಸಾಕು ಅಂತ ನನ್ನ ಅಭಿಪ್ರಾಯ. ಎತ್ತರದಿಂದ ಹಾರಿಸುವ ಹುಚ್ಚು ಹಿಡಿದ ಮೇಲೆ ಲೆವೆಲ್ 2 ನೋಡೋಣ. ಡಿ3ಓ ತರಹದ ಮೆತ್ತೆ ಮುಟ್ಟಿದರೆ ಮೆದು, ಪೆಟ್ಟು ಬಿದ್ದ ಕ್ಷಣಕ್ಕೆ ಗಟ್ಟಿಯಾಗುತ್ತದೆ. ಪೆಡಲ್ ತುಳಿಯಲು ಅಂಥದ್ದೇ ಹಿತ. ಮೇಲಿನ ಬಟ್ಟೆ ಮಾತ್ರ ಗರಸಿಗೆ ಹರಿಯದಷ್ಟು ಗಟ್ಟಿಯಿರಲಿ.

ಲೆಗ್ಗಿಂಗ್ಸ್ ಮೇಲೆ ಹಾಕಬೇಡ. ಒಳಗಿನ ಸಿಲಿಕೋನ್ ಪಟ್ಟಿ ಹಿಡಿಯಬೇಕಾದ್ದು ಚರ್ಮವನ್ನು, ನೈಲಾನನ್ನಲ್ಲ. ಕಾಲು ಮುಚ್ಚಿಕೊಳ್ಳಬೇಕು ಅನಿಸಿದರೆ ಪ್ಯಾಡು ಹಾಕಿ ಅದರ ಮೇಲೆ ಸಡಿಲವಾದ ಟ್ರೇಲ್ ಪ್ಯಾಂಟ್ ಹಾಕು, ನಾನೂ ಹಾಗೇ ಮಾಡುವುದು. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಯಾವ ಪಟ್ಟಿಯೂ ನಿಲ್ಲುವುದಿಲ್ಲ. ವ್ಯಾಕ್ಸ್ ಮಾಡಿಸಿದ ಮರುದಿನ ಹಾಕಿದರೆ ಆ ಸಿಲಿಕೋನ್ ಜಾಗದಲ್ಲೇ ಗುಳ್ಳೆ ಏಳಬಹುದು, ಎರಡು ದಿನ ಬಿಡು. ಬೆವರಿನ ಪ್ಯಾಡನ್ನು ಕಾರಿನ ಡಿಕ್ಕಿಯಲ್ಲಿ ಮರೆಯಬೇಡ. ಮೆತ್ತೆ ತೆಗೆಯಲು ಬರುವುದಾದರೆ ತೆಗೆದಿಟ್ಟು, ತಣ್ಣೀರಲ್ಲಿ ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸು.

ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸ್ ತಗೊಳ್ಳುತ್ತಾರೋ ಇಲ್ಲವೋ ಮೊದಲು ಓದಿಕೋ. ಬಂದ ಮೇಲೆ ಟ್ಯಾಗ್ ಕೀಳದೆ ಮನೆಯೊಳಗೇ ಅರ್ಧ ಗಂಟೆ ಹಾಕಿಕೊಂಡು ಓಡಾಡು, ಮೆಟ್ಟಿಲು ಹತ್ತು. ಈ ವಾರವೇ ಅಳತೆ ತೆಗೆದು ವಾಟ್ಸಾಪ್ ಮಾಡು: ತೊಡೆ, ಮಂಡಿ, ಮೀನಖಂಡ, ಚಿಪ್ಪಿನಿಂದ ಕಾಲಗಂಟಿನವರೆಗಿನ ಉದ್ದ. ಎರಡೂ ಕಾಲಿನದ್ದು. ಚಾರ್ಟು ನಾನು ನೋಡುತ್ತೇನೆ.