ರಜೆ ಮುಗಿಯಲಿ ಎಂದು ಕಾಯಬೇಡಿ: ಕರಾವಳಿ ಪ್ರವಾಸ, ಹಬ್ಬದ ಖರೀದಿ ಮತ್ತು ನಿಮ್ಮ ಹಕ್ಕು

ದೀಪಾವಳಿಯ ಸಾಲುರಜೆ ಬಂತೆಂದರೆ ಬಯಲುಸೀಮೆಯ ಕಾರುಗಳು ಅರಬೈಲು, ಆಗುಂಬೆ, ಶಿರಾಡಿ ಘಾಟಿಗಳಲ್ಲಿ ಸಾಲುಗಟ್ಟುತ್ತವೆ. ಗೋಕರ್ಣದ ಓಂ ಬೀಚ್, ಮುರುಡೇಶ್ವರ, ಮಲ್ಪೆ, ಪಣಂಬೂರಿನಲ್ಲಿ ಕಾಲಿಡಲು ಜಾಗ ಸಿಗದು. ಅದೇ ವಾರ ಫೋನಿನಲ್ಲಿ ಇನ್ನೊಂದು ಜಾತ್ರೆ ನಡೆದಿರುತ್ತದೆ. ತಂಗಿಗೆ ಸೀರೆ, ಮಕ್ಕಳಿಗೆ ಆಟಿಕೆ, ಅಳಿಯನಿಗೆ ವಾಚು ಎಲ್ಲವೂ ಆನ್‌ಲೈನ್ ಆರ್ಡರ್. ಪಾರ್ಸೆಲ್ ಮನೆ ಬಾಗಿಲಿಗೆ ಬರುವ ಹೊತ್ತಿಗೆ ಮನೆಯವರು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟಿನಲ್ಲಿರುತ್ತಾರೆ.

ಇವೆರಡೂ ಒಟ್ಟಿಗೆ ಬರುವ ಹೊತ್ತು ಮೋಸಗಾರರಿಗೆ ಚೆನ್ನಾಗಿ ಗೊತ್ತು. ದುಡ್ಡು ಹೋದದ್ದು ತಿಳಿದ ಮೇಲೂ ‘ಮಕ್ಕಳ ಖುಷಿ ಹಾಳು ಮಾಡುವುದು ಬೇಡ, ಊರಿಗೆ ಹೋದಮೇಲೆ ನೋಡಿದರಾಯಿತು’ ಎಂದು ಸುಮ್ಮನಾಗುವವರು ಬಹಳ. ಪ್ರವಾಸಿಗೂ ಗ್ರಾಹಕರಿಗೂ ನಮ್ಮ ಕಾನೂನು ಕೊಟ್ಟಿರುವ ರಕ್ಷಣೆ ಕಡಿಮೆಯದಲ್ಲ. ಆದರೆ ಅದರ ಬಹುಪಾಲು ಗಡುವಿಗೆ ಕಟ್ಟುಬಿದ್ದಿದೆ. ಒಂದಕ್ಕೆ ಎರಡು ವರ್ಷ, ಇನ್ನೊಂದಕ್ಕೆ ಮೂರು ದಿನ, ಮತ್ತೊಂದಕ್ಕೆ ಗಂಟೆಗಳಷ್ಟೇ. ಸುಮ್ಮನಾದ ಆ ನಾಲ್ಕು ದಿನಗಳಲ್ಲೇ ಹಕ್ಕು ಕೈಜಾರುತ್ತದೆ.

ಮೊದಲ ಕರೆ 1930ಕ್ಕೆ

ಹಾವೇರಿಯ ಕುಟುಂಬವೊಂದು ಅಂತರ್ಜಾಲದಲ್ಲಿ ಕಂಡ ನಂಬರನ್ನು ನಂಬಿ ಗೋಕರ್ಣದ ಹೋಂಸ್ಟೇಗೆ 8,000 ರೂಪಾಯಿ ಮುಂಗಡ ಹಾಕಿದೆ ಎಂದುಕೊಳ್ಳಿ. ಅಲ್ಲಿಗೆ ಹೋಗಿ ನೋಡಿದರೆ ಮನೆಯೇನೋ ಇದೆ, ಮನೆಯವರಿಗೆ ಬುಕಿಂಗ್ ವಿಷಯವೇ ಗೊತ್ತಿಲ್ಲ. ಫೋಟೊ ಅವರ ಮನೆಯದು, ಫೋನ್ ನಂಬರು ಮಾತ್ರ ಬೇರೆ ಯಾರದೋ. ಇಂಥ ಕಡೆ ಮನೆಯವರ ಜೊತೆ ಜಗಳಕ್ಕೆ ನಿಂತರೆ ಹೊತ್ತು ಹೋಗುತ್ತದೆ, ದುಡ್ಡು ಬರುವುದಿಲ್ಲ. ನಿಂತ ಜಾಗದಿಂದಲೇ 1930ಕ್ಕೆ ಕರೆ ಮಾಡಬೇಕು. ಇದು ಸೈಬರ್ ಹಣಕಾಸು ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ನಿಮ್ಮ ಬ್ಯಾಂಕಿನ ಹೆಸರು, ಕಳಿಸಿದ ಮೊತ್ತ, ಸಮಯ, ವಹಿವಾಟಿನ ಸಂಖ್ಯೆ ಹೇಳಿದರೆ ದೂರು ಹಣ ಸೇರಿದ ಬ್ಯಾಂಕಿಗೆ ರವಾನೆಯಾಗುತ್ತದೆ. ದುಡ್ಡು ಇನ್ನೂ ಆ ಖಾತೆಯಲ್ಲಿದ್ದರೆ ಅದನ್ನು ತಡೆಹಿಡಿಯುತ್ತಾರೆ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಿ ಕೊನೆಗೆ ನಗದು ಮಾಡಿಕೊಳ್ಳುತ್ತಾರೆ. ಹಾಗೆ ದಾಟಿಸುವ ಮೊದಲೇ ಹಿಡಿಯಬೇಕು, ಅದಕ್ಕೇ ಈ ಅವಸರ. ಆಮೇಲೆ ಸೈಬರ್‌ಕ್ರೈಮ್.ಗವ್.ಇನ್ ತಾಣದಲ್ಲಿ ದೂರಿನ ವಿವರ ಪೂರ್ತಿ ಮಾಡಿ, ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ತಡೆಹಿಡಿದ ಹಣ ತಾನಾಗಿ ನಿಮ್ಮ ಖಾತೆಗೆ ಬಂದುಬಿಡುವುದಿಲ್ಲ. ಅದನ್ನು ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಾಗಬಹುದು, ಆಗ ಈ ಸಂಖ್ಯೆಯೇ ಆಧಾರ.

ಬ್ಯಾಂಕಿನ ಹೊಣೆಯ ಬಗ್ಗೆ ಜನರಲ್ಲಿ ಬಹಳ ಗೊಂದಲವಿದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ, ನಿಮ್ಮ ಅರಿವಿಗೆ ಬಾರದೆ ಮೂರನೆಯವರು ಖಾತೆಯಿಂದ ಹಣ ಎಳೆದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಯಾವ ನಷ್ಟವೂ ತಟ್ಟಬಾರದು. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ ಹೊಣೆಗೆ ಒಂದು ಮಿತಿ ಇದೆ. ಏಳು ದಿನ ದಾಟಿತೆಂದರೆ ಆಯಾ ಬ್ಯಾಂಕಿನ ನೀತಿಯೇ ಗತಿ. ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನದೊಳಗೆ ದೂರು ಇತ್ಯರ್ಥವಾಗಬೇಕು. ಐದು ದಿನದ ಪ್ರವಾಸದಲ್ಲಿ ಬ್ಯಾಂಕಿನ ಎಸ್‌ಎಂಎಸ್ ನೋಡದೆ ಬಿಟ್ಟರೆ ಏನಾಗುತ್ತದೆ ಎಂದು ಇದರಿಂದಲೇ ಲೆಕ್ಕ ಹಾಕಬಹುದು.

ಆದರೆ ಹಾವೇರಿಯ ಆ ಕುಟುಂಬಕ್ಕೆ ಈ ಸುತ್ತೋಲೆಯಿಂದ ದೊಡ್ಡ ಪ್ರಯೋಜನವಿಲ್ಲ. ಮೋಸದ ಮಾತು ನಂಬಿದ್ದಾದರೂ ಪಿನ್ ಒತ್ತಿ ಹಣ ಕಳಿಸಿದ್ದು ಅವರೇ. ಒಟಿಪಿಯನ್ನೋ ಪಿನ್ನನ್ನೋ ತಾವೇ ಹಂಚಿಕೊಂಡವರು ಕೂಡ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ತಾವೇ ಹೊರಬೇಕು. ತಿಳಿಸಿದ ಮೇಲೆ ಆದ ನಷ್ಟ ಮಾತ್ರ ಬ್ಯಾಂಕಿನದು. ಹೀಗಾಗಿ ಪಿನ್ ಒತ್ತುವ ಮುಂಚಿನ ಎಚ್ಚರವೇ ದೊಡ್ಡದು. ಹಣ ಕಳಿಸುವ ಮುನ್ನ ಪರದೆಯ ಮೇಲೆ ಬರುವ ಖಾತೆದಾರರ ಹೆಸರು ಹೋಂಸ್ಟೇಯವರದೇ ಎಂದು ನೋಡಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ. ವಿಡಿಯೊ ಕರೆಯಲ್ಲಿ ಕೋಣೆ ತೋರಿಸಲು ಹೇಳಿ. ನಿಜವಾದ ಮನೆಯವರು ಇದಕ್ಕೆಲ್ಲ ಬೇಸರಿಸುವುದಿಲ್ಲ. ಮತ್ತೆ, ಹಣ ಪಡೆಯಲು ಯುಪಿಐ ಪಿನ್ ಎಂದಿಗೂ ಬೇಕಿಲ್ಲ. ‘ರೀಫಂಡ್ ಕಳಿಸುತ್ತೇವೆ, ಪಿನ್ ಹಾಕಿ’ ಎಂದರೆ ಆ ಕರೆ ಅಲ್ಲಿಗೇ ಮುಗಿಸಿ.

ಪೊಲೀಸ್ ದೂರಿನ ವಿಚಾರ. ‘ನಿಮ್ಮ ಊರಲ್ಲೇ ಹೋಗಿ ಕೊಡಿ’, ಊರಿಗೆ ಬಂದರೆ ‘ಘಟನೆ ಅಲ್ಲಿ ನಡೆದದ್ದು, ಅಲ್ಲೇ ಕೊಡಿ’ ಎಂಬ ಅಲೆದಾಟಕ್ಕೆ ಕಾನೂನಿನಲ್ಲಿ ಈಗ ಎಡೆಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ, ಪೊಲೀಸರೇ ನೇರವಾಗಿ ಪ್ರಕರಣ ದಾಖಲಿಸಬಹುದಾದ ಅಪರಾಧದ ಮಾಹಿತಿಯನ್ನು ಅದು ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಕೊಡಬಹುದು. ಝೀರೋ ಎಫ್‌ಐಆರ್ ಎನ್ನುವುದು ಇದಕ್ಕೇ. ಎಲೆಕ್ಟ್ರಾನಿಕ್ ರೂಪದಲ್ಲೂ ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು ಅಷ್ಟೆ. ಎಫ್‌ಐಆರ್ ಪ್ರತಿ ಉಚಿತ. ಠಾಣೆಯವರು ಒಪ್ಪದಿದ್ದರೆ ದೂರಿನ ಸಾರಾಂಶವನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗುವ ದಾರಿಯಿದೆ.

ಲಾಡ್ಜು, ಊಟ, ಕಡಲತೀರ

ವಸತಿಗೃಹದಲ್ಲಿ ಆಧಾರ್ ಕೇಳಿದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿ ಕೊಡಿ, ಅದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಇಳಿಸಿಕೊಳ್ಳಬಹುದು. ಬಿಲ್ ಕೇಳುವುದು ನಿಮ್ಮ ಹಕ್ಕು. ‘ಬಿಲ್ ಬೇಡವೆಂದರೆ ಕಡಿಮೆ ಮಾಡ್ತೀನಿ ಸಾರ್’ ಎಂಬ ಮಾತಿಗೆ ಒಪ್ಪಿದರೆ ನಾಳೆ ತಕರಾರಿಗೆ ಸಾಕ್ಷಿಯೇ ಉಳಿಯುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಬಿಲ್ ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳಿದೆ.

ಮೀನೂಟದ ಬಿಲ್ಲಿನ ಕೊನೆಯಲ್ಲಿ ಸೇವಾ ಶುಲ್ಕವೆಂದು ಸೇರಿಸಿದ್ದರೆ ತೆಗೆಸಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜುಲೈ 4ರ ಮಾರ್ಗಸೂಚಿಯ ಪ್ರಕಾರ ಹೋಟೆಲಿನವರು ಅದನ್ನು ತಾವಾಗಿ ಬಿಲ್ಲಿಗೆ ಸೇರಿಸುವಂತಿಲ್ಲ. ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ 2025ರ ಮಾರ್ಚ್ 28ರಂದು ಈ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ಜಿಎಸ್‌ಟಿ ಬೇರೆ, ಅದು ತೆರಿಗೆ, ಕಟ್ಟಲೇಬೇಕು. ನೀರಿನ ಬಾಟಲಿಯ ವಿಷಯದಲ್ಲಿ ಮಾತ್ರ ಪ್ರವಾಸಿಗಳು ಅನಗತ್ಯ ಜಗಳಕ್ಕೆ ಇಳಿಯುವುದುಂಟು. ಬೀಚಿನ ಗೂಡಂಗಡಿಯವರು ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಅದು ತಪ್ಪು, ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಹೋಟೆಲಿನ ಒಳಗೆ ಕೂತು ತರಿಸಿಕೊಂಡರೆ ಲೆಕ್ಕ ಬೇರೆ. ಅಲ್ಲಿ ನೀರಿನ ಜೊತೆ ಸೇವೆಯೂ ಸೇರಿದೆ ಎಂಬ ಕಾರಣಕ್ಕೆ ಹೆಚ್ಚು ಬೆಲೆ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ.

‘ವಾಹನಕ್ಕೆ ಮಾಲೀಕರೇ ಜವಾಬ್ದಾರರು’ ಎಂಬ ಫಲಕ ಎಲ್ಲೆಡೆ ಇದೆ. ಆದರೆ ಕಾರಿನ ಕೀಲಿ ಹೋಟೆಲ್ ಸಿಬ್ಬಂದಿಯ ಕೈಗೆ ಕೊಟ್ಟ ಮೇಲೆ, ತನ್ನ ನಿರ್ಲಕ್ಷ್ಯದಿಂದ ಕಾರು ಕಳುವಾದರೆ ಹೋಟೆಲು ಆ ಫಲಕದ ಹಿಂದೆ ಅಡಗಲಾಗದು ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ತೀರ್ಪು ನೀಡಿದೆ. ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್‌ಗೆ ಹೋಗುವವರಿಂದಲೂ ‘ಏನಾದರೂ ನಾವು ಹೊಣೆಯಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಕೆಟ್ಟ ಸಲಕರಣೆಯಿಂದಲೋ ತರಬೇತಿಯಿಲ್ಲದ ಸಿಬ್ಬಂದಿಯಿಂದಲೋ ಅನಾಹುತವಾದರೆ, ಸಹಿ ಇದೆ ಎಂಬ ಒಂದೇ ಕಾರಣಕ್ಕೆ ಪರಿಹಾರ ಕೇಳುವ ಬಾಗಿಲು ಮುಚ್ಚಿತೆಂದು ಭಾವಿಸಬೇಡಿ.

ಇನ್ನು ಕಡಲತೀರ ಯಾವ ರೆಸಾರ್ಟಿನ ಅಂಗಳವೂ ಅಲ್ಲ. ಸಮುದ್ರತೀರದಂಥ ಸಂಪತ್ತನ್ನು ಸರ್ಕಾರ ಜನರ ಪರವಾಗಿ ಕಾಯುವ ವಿಶ್ವಸ್ತ ಮಾತ್ರ ಎಂದು ಸುಪ್ರೀಂ ಕೋರ್ಟ್ ಕಮಲ್‌ನಾಥ್ ಪ್ರಕರಣದಲ್ಲಿ ಹೇಳಿತು. ರೆಸಾರ್ಟುಗಳ ನಡುವೆ ಜನ ಬೀಚಿಗೆ ಹೋಗಲು 20 ಮೀಟರ್ ಅಗಲದ ದಾರಿ ಬಿಡಬೇಕು, ಬೇಲಿ ಅದಕ್ಕೆ ಅಡ್ಡಿಯಾಗಬಾರದು ಎಂದು ಕರಾವಳಿ ನಿಯಂತ್ರಣ ವಲಯದ ನಿಯಮಗಳೂ ಹೇಳುತ್ತವೆ. ತಡೆದರೆ ಫೋಟೊ ತೆಗೆದು ಜಿಲ್ಲಾಧಿಕಾರಿಗೆ ದೂರು ಕೊಡಿ. ಆದರೆ ಕೆಂಪು ಬಾವುಟ ನೆಟ್ಟ ಕಡೆ ಜೀವರಕ್ಷಕರು ನೀರಿಗಿಳಿಯಬೇಡಿ ಎಂದರೆ ಅಲ್ಲಿ ಹಕ್ಕಿನ ಮಾತು ಆಡಬೇಡಿ. ಈ ಕಡಲು ಬಹಳ ಮಕ್ಕಳನ್ನು ಕೊಂಡೊಯ್ದಿದೆ.

ಹಬ್ಬದ ಉಡುಗೊರೆ

ಪಟಾಕಿಯಿಂದ ಶುರು ಮಾಡೋಣ. ಇ-ವಾಣಿಜ್ಯ ತಾಣಗಳು ಪಟಾಕಿಗೆ ಆರ್ಡರ್ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ನಿರ್ಬಂಧಿಸಿದೆ. ಹೀಗಿರುವಾಗ ‘ಅರ್ಧ ಬೆಲೆಗೆ ಪಟಾಕಿ, ಮನೆಗೇ ತಲುಪಿಸುತ್ತೇವೆ’ ಎಂದು ಫೋನಿನಲ್ಲಿ ಕಾಣುವ ಜಾಹೀರಾತು ಒಂದೋ ಕಾನೂನುಬಾಹಿರ, ಇಲ್ಲವೇ ಶುದ್ಧ ಮೋಸ.

ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಚನ್ನಪಟ್ಟಣದ ಗೊಂಬೆಯಂಥ ಭೌಗೋಳಿಕ ಸೂಚಿಯ ಉತ್ಪನ್ನಗಳಿಗೆ ವಿನಾಯಿತಿ ಇದೆ, ಅವುಗಳ ಮೇಲೆ ಗುರುತಿಲ್ಲವೆಂದು ಅನುಮಾನಿಸಬೇಡಿ. ಚಿನ್ನ ಕೊಂಡರೆ ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಗುರುತನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಿ. ಮೈಸೂರು ರೇಷ್ಮೆ, ಇಳಕಲ್ ಸೀರೆ ಎಂದು ಸುಳ್ಳು ಹೆಸರಲ್ಲಿ ಬೇರೇನನ್ನೋ ಮಾರುವುದು ಬರೀ ವ್ಯಾಪಾರದ ಚಾಲಾಕಿತನವಲ್ಲ, ಭೌಗೋಳಿಕ ಸೂಚಿ ಕಾಯ್ದೆಯಡಿ ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸದ ಅಪರಾಧ. ನಮ್ಮ ನೇಕಾರರ ಅನ್ನಕ್ಕೆ ಕಲ್ಲು ಹಾಕುವ ಈ ಮಾರಾಟದ ಮೇಲೆ ಯಾರಾದರೂ ದೂರು ಕೊಟ್ಟರೆ ನನಗೆ ನಿಜಕ್ಕೂ ಸಂತೋಷ.

ಬಂದ ವಸ್ತು ಸರಿಯಿಲ್ಲದಿದ್ದರೆ? 2020ರ ಇ-ವಾಣಿಜ್ಯ ನಿಯಮಗಳು ಇಲ್ಲಿ ಗ್ರಾಹಕರ ಕೈಯಲ್ಲಿರುವ ಆಯುಧ. ವಸ್ತು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದಿದ್ದರೆ, ಹೇಳಿದ ದಿನ ದಾಟಿ ಬಂದರೆ ಮಾರಾಟಗಾರರು ವಾಪಸ್ ಪಡೆಯಲು ಒಲ್ಲೆ ಎನ್ನುವಂತಿಲ್ಲ. ಭಾವಬಿದಿಗೆಗೆ ಬರಬೇಕಾದ ಉಡುಗೊರೆ ಹಬ್ಬ ಕಳೆದ ಮೇಲೆ ಬಂದರೆ ಬೇಡವೆನ್ನುವ ಹಕ್ಕು ನಿಮಗಿದೆ, ಪ್ರವಾಹದಂಥ ಕೈಮೀರಿದ ಕಾರಣವಿದ್ದರೆ ಮಾತು ಬೇರೆ. ಪ್ರತಿ ತಾಣದಲ್ಲೂ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ತಲುಪಿದೆ ಎಂದು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆರ್ಡರ್ ರದ್ದು ಮಾಡಿದ್ದಕ್ಕೆ ದಂಡ ಕೇಳುವ ತಾಣ, ತಾನೇ ರದ್ದು ಮಾಡಿದಾಗಲೂ ಅಂಥದೇ ದಂಡ ತೆರುವಂತಿರಬೇಕು. ಲಾಡ್ಜ್ ಬುಕಿಂಗ್ ತಾಣಗಳೂ ಇದೇ ನಿಯಮದೊಳಗೆ ಬರುತ್ತವೆ.

‘ಎರಡೇ ಉಳಿದಿವೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ’ ಎಂದು ಸುಳ್ಳೇ ಅವಸರಪಡಿಸುವುದು, ನೀವು ಆರಿಸದ ವಿಮೆಯನ್ನೋ ದೇಣಿಗೆಯನ್ನೋ ಬುಟ್ಟಿಗೆ ಸೇರಿಸುವುದು, ಮೊದಲು ಒಂದು ಬೆಲೆ ತೋರಿಸಿ ಹಣ ಕಟ್ಟುವಾಗ ಏರಿಸುವುದು ಇವೆಲ್ಲ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ 30ರ ಮಾರ್ಗಸೂಚಿ ಪಟ್ಟಿ ಮಾಡಿದ 13 ವಂಚಕ ವಿನ್ಯಾಸಗಳಲ್ಲಿ ಸೇರಿವೆ. ಸ್ಕ್ರೀನ್‌ಶಾಟ್ ತೆಗೆದಿಡಿ. ಪಾರ್ಸೆಲ್ ಬಿಚ್ಚುವಾಗ ವಿಳಾಸದ ಚೀಟಿಯಿಂದ ಹಿಡಿದು ಒಳಗಿನ ವಸ್ತುವಿನವರೆಗೆ ನಿಲ್ಲಿಸದೆ ವಿಡಿಯೊ ಮಾಡಿ. ನೀವು ಊರಲ್ಲಿಲ್ಲದಿದ್ದರೆ ಪಕ್ಕದ ಮನೆಯವರಿಗೆ ಒಟಿಪಿ ಹೇಳಿ ಪೆಟ್ಟಿಗೆ ತೆಗೆದಿಡಿಸುವ ಬದಲು ತಲುಪುವ ದಿನವನ್ನೇ ಮುಂದೂಡುವುದು ಮೇಲು.

ತಾಣದವರು ಕೈಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ನಡೆಯುವುದು ರಾಜಿಯ ಪ್ರಯತ್ನ. ಆದೇಶ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. 2019ರ ಕಾಯ್ದೆ ಪ್ರವಾಸಿಗೆ ಕೊಟ್ಟ ದೊಡ್ಡ ಉಪಕಾರ ಇಲ್ಲಿದೆ: ಮೋಸ ಉಡುಪಿಯಲ್ಲಿ ಆಗಿರಲಿ, ಕಂಪನಿ ಗುರುಗ್ರಾಮದಲ್ಲಿರಲಿ, ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ ಸಾಕು, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರಿಲ್ಲದೆ ತಾವೇ ವಾದಿಸಬಹುದು, ವಿಡಿಯೊ ಮೂಲಕ ವಿಚಾರಣೆ ಕೋರಬಹುದು. ಅವಧಿ ಎರಡು ವರ್ಷ. ಬರೆಯಲು ನೆರವು ಬೇಕಾದವರಿಗೆ ಕಾನೂನು ಸೇವಾ ಪ್ರಾಧಿಕಾರದ 15100 ಇದೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ.

ಆಯೋಗದ ಆದೇಶ ಬಂದರೂ ಹಣ ಕೈಗೆ ಬಂದೀತೇ ಎಂದು ಹಿಂಜರಿಯುವವರಿದ್ದಾರೆ. ಎದುರು ಪಕ್ಷದವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕೆಂದರೆ 45 ದಿನದೊಳಗೆ ಹೋಗಬೇಕು, ಆದೇಶಿತ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಆದೇಶ ಪಾಲಿಸದಿದ್ದರೆ ಕಲಂ 72ರ ಅಡಿ ಒಂದು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ 25,000ಕ್ಕೆ ಕಡಿಮೆಯಿಲ್ಲದಂತೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದೇಶ ಜಾರಿ ಮಾಡಿಸುವ ಅರ್ಜಿಯನ್ನೂ ಅದೇ ಜಿಲ್ಲಾ ಆಯೋಗದಲ್ಲಿ ನೀವೇ ಹಾಕಬಹುದು.