ರಷ್ಯಾದ ಒಲಿಗಾರ್ಕ್‌ಗಳು: ಒತ್ತೆಯಿಂದ ಒಡೆತನಕ್ಕೆ

1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಯಾಯಿತು. ಮರುವರ್ಷವೇ ಬೋರಿಸ್ ಯೆಲ್ಟ್ಸಿನ್ ಸರ್ಕಾರ ಖಾಸಗೀಕರಣಕ್ಕೆ ಕೈಹಾಕಿತು. ಉಸ್ತುವಾರಿ ಅನಾತೊಲಿ ಚುಬೈಸ್ ಅವರದು. ಪ್ರಜೆಗಳಿಗೆ ಸರ್ಕಾರಿ ಕಂಪನಿಗಳ ಷೇರು ಪಡೆಯಲು ತಲಾ 10,000 ರೂಬಲ್ ಮುಖಬೆಲೆಯ ವೋಚರ್ ಹಂಚಲಾಯಿತು. ಹಣದುಬ್ಬರದಲ್ಲಿ ಅದರ ಬೆಲೆ ಕರಗಿತು. ಅನೇಕರು ಸಿಕ್ಕಷ್ಟಕ್ಕೆ ಮಾರಿಕೊಂಡರು.

ಹೆಚ್ಚು ಮುಖ್ಯವಾದದ್ದು 1995ರ ‘ಷೇರು ಅಡವಿಟ್ಟು ಸಾಲ’ ಯೋಜನೆ. ಇದನ್ನು ಮುಂದಿಟ್ಟವರು ಬ್ಯಾಂಕರ್ ವ್ಲಾದಿಮಿರ್ ಪೊಟಾನಿನ್. ಬೊಕ್ಕಸ ಬರಿದಾಗಿದ್ದ ಸರ್ಕಾರ ತೈಲ, ಲೋಹ ಕಂಪನಿಗಳ ಷೇರು ಒತ್ತೆಯಿಟ್ಟು ಖಾಸಗಿ ಬ್ಯಾಂಕುಗಳಿಂದ ಸಾಲ ಪಡೆಯಿತು, ತೀರಿಸಲಿಲ್ಲ. ಹಲವೆಡೆ ಆ ಷೇರುಗಳ ಹರಾಜು ನಡೆಸಿದ್ದೂ ಅವೇ ಬ್ಯಾಂಕುಗಳು, ಗೆದ್ದದ್ದೂ ಅವುಗಳ ಕಡೆಯವರೇ. ಹೆಸರಿಗಷ್ಟೇ ಹರಾಜು! ನೊರಿಲ್ಸ್ಕ್ ನಿಕಲ್ ಪೊಟಾನಿನ್‌ಗೆ, ಯೂಕೋಸ್ ಮಿಖಾಯಿಲ್ ಖೊಡೊರ್ಕೊವ್‌ಸ್ಕಿಗೆ, ಸಿಬ್‌ನೆಫ್ಟ್ ಬೆರೆಜೊವ್‌ಸ್ಕಿ–ಅಬ್ರಮೊವಿಚ್ ಜೋಡಿಗೆ ದಕ್ಕಿತು. ಸುಮಾರು 10 ಕೋಟಿ ಡಾಲರಿಗೆ ಕೈಸೇರಿದ್ದ ಸಿಬ್‌ನೆಫ್ಟ್‌ನ ಮುಕ್ಕಾಲು ಪಾಲಿನಷ್ಟನ್ನು 2005ರಲ್ಲಿ ಸರ್ಕಾರಿ ಹಿಡಿತದ ಗಾಜ್‌ಪ್ರೋಮ್ ಕೊಂಡದ್ದು ಸುಮಾರು 1,300 ಕೋಟಿ ಡಾಲರಿಗೆ.

1996ರ ಚುನಾವಣೆಯಲ್ಲಿ ಕಮ್ಯುನಿಸ್ಟ್ ನಾಯಕ ಜ್ಯುಗಾನೊವ್ ವಿರುದ್ಧ ಯೆಲ್ಟ್ಸಿನ್ ಗೆಲುವಿಗೆ ‘ಒಲಿಗಾರ್ಕ್’ ಎನಿಸಿಕೊಂಡ ಈ ಧನಿಕರ ಹಣವೂ ಟಿವಿ ವಾಹಿನಿಗಳೂ ಒದಗಿದವು. ಪುಟಿನ್ ಕಾಲದಲ್ಲಿ ಲೆಕ್ಕ ಬದಲಾಯಿತು: 2003ರಲ್ಲಿ ಖೊಡೊರ್ಕೊವ್‌ಸ್ಕಿ ಬಂಧನ, ಮುಂದೆ ಯೂಕೋಸ್‌ನ ಮುಖ್ಯ ಘಟಕ ಸರ್ಕಾರಿ ರೋಸ್‌ನೆಫ್ಟ್ ಪಾಲಾಯಿತು.